ಪಹಣಿಯ ಹನ್ನೆರಡನೇ ಕಾಲಂ

ನಿನ್ನೆ ಬೆಳಿಗ್ಗೆ ಅವ್ವನ ಮೊಬೈಲಿಗೆ ಸಂದೇಶ ಬಂತು. ಪಿಎಂ ಕಿಸಾನ್ ಕಂತು, 2,000 ರೂಪಾಯಿ ಜಮೆ. ಅವ್ವ ದಾವಣಗೆರೆಯಲ್ಲಿ ನನ್ನ ಜೊತೆಗಿದ್ದಾಳೆ. ಮಂಡಿನೋವಿನಿಂದಾಗಿ ಹೊಲದ ಬದುವಿನ ಮೇಲೆ ಕಾಲಿಟ್ಟು ಆರು ವರ್ಷವಾಯಿತು. ಜಗಳೂರು ತಾಲ್ಲೂಕಿನ ನಮ್ಮ ಮೂರು ಎಕರೆ ಖುಷ್ಕಿ ಜಮೀನನ್ನು ಕೋರಿಗೆ, ಅಂದರೆ ಫಸಲಿನ ಪಾಲಿಗೆ, ಮಾಡುತ್ತಿರುವವರು ಅದೇ ಊರಿನ ಗಂಡ ಹೆಂಡತಿ. ಅವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅವರು ರೈತರಲ್ಲ.

ವರ್ಷಕ್ಕೆ 6,000 ರೂಪಾಯಿಯ ಈ ಯೋಜನೆ 2019ರ ಫೆಬ್ರುವರಿಯಲ್ಲಿ ಆರಂಭವಾದಾಗಲೇ ನಿಯಮ ಸ್ಪಷ್ಟವಾಗಿತ್ತು: ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗೆ ಹಣ. ಅದಾದರೂ ಹೋಗಲಿ ಎನ್ನೋಣ. ನನ್ನನ್ನು ಕಾಡಿದ್ದು 2023ರ ಬರ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ನಮ್ಮ ಹೊಲದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು, ಗರಿ ಸುರುಳಿ ಸುತ್ತಿಕೊಂಡು ಅಲ್ಲಿಗೇ ನಿಂತಿತು. ನಮ್ಮ ಮಾತಿನ ಪ್ರಕಾರ ಬೀಜ, ಗೊಬ್ಬರ, ಬೇಸಾಯ ಎಲ್ಲ ಅವರದು, ಬಂದ ಫಸಲಿನಲ್ಲಿ ಸಮಪಾಲು. ಅಂದರೆ ಬೆಳೆ ಒಣಗಿದಾಗ ನಮಗೆ ಹೋದದ್ದು ಬರಬಹುದಾಗಿದ್ದ ಪಾಲು, ಅವರಿಗೆ ಹೋದದ್ದು ಸಾಲ ಮಾಡಿ ಮಣ್ಣಿಗೆ ಹಾಕಿದ ದುಡ್ಡು. ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು, ಕೇಂದ್ರದಿಂದ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅಷ್ಟು ಜಗ್ಗಾಡಿ ತಂದ ಹಣ ಬಂದು ಬಿದ್ದದ್ದು ಅವ್ವನ ಖಾತೆಗೆ.

ಅವ್ವ ಅದನ್ನು ಇಟ್ಟುಕೊಳ್ಳಲಿಲ್ಲ. ಬ್ಯಾಂಕಿನಿಂದ ಬಿಡಿಸಿಕೊಂಡು, ನನ್ನನ್ನು ಕರೆದುಕೊಂಡು ಊರಿಗೆ ಹೋದಳು. ಆ ಹೆಣ್ಣುಮಗಳು ಮೊದಲು ಕೈ ಚಾಚಲೇ ಇಲ್ಲ. “ನಿಮ್ಮ ಹೆಸರಿಗೆ ಬಂದದ್ದನ್ನು ನಾವು ಹೇಗೆ ತೆಗೆದುಕೊಳ್ಳುವುದು, ಅಮ್ಮಾ?” ಎಂದಳು. ಒತ್ತಾಯ ಮಾಡಿದ ಮೇಲೆ ಕಟ್ಟೆಯ ಮೇಲೆ ಕುಳಿತು ನೋಟುಗಳನ್ನು ಎರಡು ಪಾಲು ಮಾಡಿದಳು. ಒಂದು ಗೊಬ್ಬರದ ಅಂಗಡಿಯ ಬಾಕಿಗೆ, ಇನ್ನೊಂದು ಸಂಘದ ಕಂತಿಗೆ. ಮೂರನೆಯ ಪಾಲಿಗೆ ಏನೂ ಉಳಿಯಲಿಲ್ಲ.

ಕಷ್ಟಪಟ್ಟವರಿಗೆ ಸೇರಬೇಕಾದ ಪರಿಹಾರ ಹೊಲದ ಒಡತಿಯ ಒಳ್ಳೆಯತನವನ್ನು ಕಾಯುತ್ತಾ ಕೂರಬೇಕೆ? ನಮ್ಮೂರಿನಲ್ಲಿ ಜಮೀನಿದ್ದು ಪೇಟೆ ಸೇರಿದ ಮನೆಗಳು ಹತ್ತಾರಿವೆ. ಎಲ್ಲರೂ ಬಸ್ಸು ಹತ್ತಿ ಹಣ ಕೊಟ್ಟು ಬರುವುದಿಲ್ಲ.

ಇದಕ್ಕೆ ಹೊಸ ದಾಖಲೆಯೇನೂ ಬೇಕಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿದ್ದರೆ, 12ನೇ ಕಾಲಂ ಇರುವುದೇ ಸಾಗುವಳಿ ವಿವರಕ್ಕೆ. ನಮ್ಮ ಪಹಣಿಯಲ್ಲಿ ಎರಡೂ ಕಡೆ ಅವ್ವನ ಹೆಸರಿದೆ. ಎರಡನೆಯದು ಸುಳ್ಳು. ಆ ಸುಳ್ಳಿನ ಮೇಲೆಯೇ ಫ್ರೂಟ್ಸ್ ಎಂಬ ರೈತ ನೋಂದಣಿ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಬೆಳೆ ಸಮೀಕ್ಷೆಯವರು ಸರ್ವೆ ನಂಬರ್ ಹಿಡಿದು ಹೊಲಕ್ಕೆ ಬಂದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಉಳುತ್ತಿರುವವರು ಯಾರು ಎಂದೂ ಅಲ್ಲೇ ಕೇಳಿ ಬರೆದುಕೊಳ್ಳಬಹುದು.

ಮಾಲೀಕರ ಭಯವನ್ನೂ ನಾನು ಬಲ್ಲೆ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕಿತ್ತುಹಾಕಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ದೇವರಾಜ ಅರಸರ ಕಾಲದ ಆ ಕೆಲಸಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಗೇಣಿ ಕಾಗದದ ಮೇಲಷ್ಟೇ ಹೋಯಿತು, ಕೋರು ಬಾಯಿಮಾತಿನಲ್ಲಿ ಉಳಿಯಿತು. ಬರವಣಿಗೆಯಲ್ಲಿ ಕೊಟ್ಟರೆ ನಾಳೆ ಜಮೀನೇ ಕೈತಪ್ಪೀತು ಎಂದು ಎರಡು ವರ್ಷಕ್ಕೊಮ್ಮೆ ಕೋರಿನವರನ್ನೇ ಬದಲಿಸುವವರಿದ್ದಾರೆ. ಈ ಭಯಕ್ಕೂ ದಾರಿಯಿದೆ. ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿ, ಮಾಲೀಕತ್ವಕ್ಕೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಅವಧಿಗೆ ಸಾಗುವಳಿದಾರರಿಗೆ ಕಾರ್ಡ್ ಕೊಡುವ ವ್ಯವಸ್ಥೆ ತಂದಿತು. ರೈತರಿಗೆ ನೆರವು ಕೊಡುವ ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಮಾಡುವವರನ್ನೂ ಸೇರಿಸಿಕೊಂಡಿತು. ಕರ್ನಾಟಕಕ್ಕೆ ಏನು ಅಡ್ಡಿ?

ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು ಹೇಳಿದಳು: “ಹೊಲ ನನ್ನದಾಗಿಯೇ ಇರುತ್ತದೆ ಎಂದು ಸರ್ಕಾರ ಬರೆದುಕೊಡಲಿ. ಆ ಇನ್ನೊಂದು ಕಾಲಂನಲ್ಲಿ ಅವಳ ಹೆಸರನ್ನು ನಾನೇ ನಿಂತು ಬರೆಸುತ್ತೇನೆ.”