ಕಮೀನೊ ದಾರಿಯಲ್ಲಿ ಮೊದಲು ಮಾತಾಡಬೇಕಾದವರು ನಾವು

ಕಮೀನೊ ಎಂದರೆ ಸ್ಪೇನಿನ ಸಾಂತಿಯಾಗೊ ಊರಿಗೆ ಯಾತ್ರಿಕರು ನಡೆದು ಹೋಗುವ ಹಳೆಯ ಕ್ರೈಸ್ತ ಯಾತ್ರೆಯ ದಾರಿ. ಆ ಯಾತ್ರೆಗೆ ಹೊರಟ ಕನ್ನಡದ ಗೆಳೆಯರು ಮ್ಯಾಡ್ರಿಡ್‌ನಲ್ಲಿರುವ ನನಗೆ ಫೋನ್ ಮಾಡಿದಾಗ ಸಾಮಾನ್ಯವಾಗಿ ಕೇಳುವುದು ಒಂದೇ: ‘ದಾರಿಗೆ ಬೇಕಾಗೋ ನಾಲ್ಕು ಸ್ಪ್ಯಾನಿಷ್ ಮಾತು ಬರೆದು ಕಳಿಸು.’ ಅವರ ಮೊಬೈಲಿನಲ್ಲಿ ಆಗಲೇ ಎಲ್ಲಿಂದಲೋ ಇಳಿಸಿಕೊಂಡ ಪಟ್ಟಿಯೊಂದು ಇರುತ್ತದೆ. ‘ಎಲ್ಲಿದೆ?’, ‘ಎಷ್ಟು?’, ‘ಬೇಕು’, ‘ಬೇಡ’ ಎಂದೇ ಅದು ಶುರುವಾಗುತ್ತದೆ. ಆ ಕ್ರಮ ನನಗೆ ಒಪ್ಪಿಗೆಯಿಲ್ಲ. ಮೊದಲು ನಮಸ್ಕಾರ, ಆಮೇಲೆ ತಮ್ಮ ಪರಿಚಯ, ಕೇಳುವುದೆಲ್ಲ ಅದರ ನಂತರ. ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕಾದ ಕಾರಣವೂ ಇದೆ.

ನಾನು ಬೆಳೆದದ್ದು ಬಾಗಲಕೋಟೆ ಕಡೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರ ಜೊತೆ ದಾರಿಯುದ್ದಕ್ಕೂ ಊರವರೇ ಮಾತು ತೆಗೆಯುತ್ತಾರೆ. ‘ಬರ್ರಿ, ಕುಂದರ್ರಿ, ಯಾವೂರ್ರಿ ನಿಮ್ದು? ಮಜ್ಜಿಗಿ ಕುಡೀರಿ, ಊಟಾ ಮಾಡ್ಕೊಂಡ ಹೋಗ್ರಿ’ ಎನ್ನುತ್ತಾರೆ. ನಡೆಯುವವನು ಬಾಯಿ ತೆರೆಯುವ ಮೊದಲೇ ರೊಟ್ಟಿ ಕೈಗೆ ಬಂದಿರುತ್ತದೆ. ನಲ್ಲಮಲ ಕಾಡಿನ ದಾರಿಗೆ ಬಿದ್ದಾಗ ತೆಲುಗು ಬಾರದಿದ್ದರೂ ನಡೆಯುತ್ತದೆ, ಏಕೆಂದರೆ ಗುಂಪಿನಲ್ಲಿ ಹಿರಿಯರಿರುತ್ತಾರೆ, ‘ಮಲ್ಲಯ್ಯಾ’ ಎಂಬ ಕೂಗು ಎಲ್ಲರಿಗೂ ಗೊತ್ತಿರುತ್ತದೆ. ಯಾತ್ರಿಕನು ಸುಮ್ಮನಿರಬಹುದು, ಅದು ಯಾರಿಗೂ ಬೇಸರವಾಗದು.

ಸ್ಪೇನಿನಲ್ಲಿ ಇದು ತಿರುವುಮುರುವು. ಹಳ್ಳಿಯ ಬಾರ್‌ಗೆ (ಇಲ್ಲಿ ಬಾರ್ ಎಂದರೆ ಕಾಫಿ, ತಿಂಡಿ, ಊಟ ಎಲ್ಲ ಸಿಗುವ ಜಾಗ) ಕಾಲಿಟ್ಟವರು ಯಾರೋ ಅವರೇ ಮೊದಲು ‘ಬ್ವೆನೊಸ್ ದೀಯಾಸ್’ ಅನ್ನಬೇಕು. ಅದೂ ಒಬ್ಬರಿಗಲ್ಲ, ಒಳಗೆ ಕೂತ ಎಲ್ಲರಿಗೂ. ಮಧ್ಯಾಹ್ನದ ಊಟವಾದ ಮೇಲೆ ‘ಬ್ವೆನಾಸ್ ತಾರ್ದೆಸ್’. ಇಲ್ಲಿಯ ಊಟ ಎರಡು ಗಂಟೆಯ ಮೇಲೆಯೇ ಆಗುವುದರಿಂದ ಹೊತ್ತಿನ ಲೆಕ್ಕ ತಪ್ಪುತ್ತದೆ ಅನ್ನಿಸಿದರೆ ಬರೀ ‘ಬ್ವೆನಾಸ್’ ಅಂದರೂ ಸಾಕು. ಹೊರಡುವಾಗ ‘ಆಸ್ತಾ ಲ್ವೇಗೊ’. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಲಿಫ್ಟಿನಲ್ಲಿ, ಔಷಧಿ ಅಂಗಡಿಯಲ್ಲಿ ಇದೇ ರೀತಿ. ಯಾರಾದರೂ ಮಾತಾಡಿಸಲಿ ಎಂದು ವಿನಯದಿಂದ ಬಾಗಿಲಲ್ಲೇ ನಿಂತವರನ್ನು ಇಲ್ಲಿಯವರು ವಿನಯವಂತರು ಎಂದು ಓದುವುದಿಲ್ಲ, ಮುಖ ಕೊಟ್ಟು ಮಾತಾಡದವರು ಎಂದು ಓದುತ್ತಾರೆ. ನಮ್ಮ ಮೌನಕ್ಕೆ ಇಲ್ಲಿ ಬೇರೆ ಅರ್ಥ ಹತ್ತುವುದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಾರಿಯಲ್ಲಿ ಎದುರಾದ ಯಾತ್ರಿಕರಿಗೆ, ಹೊಲದಲ್ಲಿರುವ ಅಜ್ಜನಿಗೆ, ಸೈಕಲ್ ಮೇಲೆ ದಾಟಿ ಹೋಗುವವರಿಗೆ ‘ಬ್ವೆನ್ ಕಮೀನೊ’ (ದಾರಿ ಚೆನ್ನಾಗಿರಲಿ) ಎನ್ನುವುದೂ ಇದೇ ಸಾಲಿಗೆ ಸೇರಿದ್ದು.

ಪರಿಚಯದ ಮಾತು ಸುಲಭ. ‘ದೆ ದೋಂದೆ ಎರೆಸ್?’ ಎಂದರೆ ಯಾವ ಊರು ನಿನ್ನದು. ‘ಸೊಯ್ ದೆ ಲಾ ಇಂದಿಯಾ, ದೆಲ್ ಸುರ್’ ಎಂದರೆ ಭಾರತ, ದಕ್ಷಿಣದ ಕಡೆ. ‘ದೆಸ್ದೆ ದೋಂದೆ ವಿಯೇನೆಸ್?’ ಎಂದು ಕೇಳಿದರೆ ಅವರಿಗೆ ಬೇಕಾದದ್ದು ನಿಮ್ಮ ದೇಶವಲ್ಲ, ನಡಿಗೆ ಎಲ್ಲಿಂದ ಶುರು ಮಾಡಿದಿರಿ ಎಂಬುದು. ಫ್ರಾನ್ಸಿನ ಸ್ಯಾಂ ಜಾಂ ಪಿಯೆ ದ ಪೋರ್‌ನಿಂದ ಹೊರಟವರ ಮುಂದೆ ಸುಮಾರು 780 ಕಿ.ಮೀ. ದಾರಿ ಇರುತ್ತದೆ; ಪಾಂಪ್ಲೋನಾ, ಬೂರ್ಗೋಸ್ ಅಥವಾ ಲೆಯೋನ್‌ನಿಂದ ಸೇರಿಕೊಳ್ಳುವವರೂ ಬಹಳ. ‘ಎಂಪೆಸೆ ಎನ್ ಲೆಯೋನ್’ (ಲೆಯೋನ್‌ನಲ್ಲಿ ಶುರು ಮಾಡಿದೆ) ಎಂಬ ಒಂದು ವಾಕ್ಯದಿಂದ ಅರ್ಧ ಗಂಟೆಯ ಗೆಳೆತನ ಕುದುರುತ್ತದೆ.

ಇನ್ನು ನನ್ನ ದೊಡ್ಡ ತಕರಾರು. ನಮ್ಮವರು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ಅದರ ಅಗತ್ಯವೇ ಇಲ್ಲ, ಕನ್ನಡದಿಂದ ನೇರ ಹೋಗುವ ದಾರಿ ಹತ್ತಿರದ್ದು. ಇಲ್ಲಿಯ ಸ್ವರಗಳು ಅ, ಎ, ಇ, ಒ, ಉ, ಅಷ್ಟೇ. ಪ, ತ, ಕ, ದ ನಮ್ಮ ಬಾಯಲ್ಲಿ ಇರುವಂತೆಯೇ, ಉಸಿರು ತಳ್ಳುವ ಕೆಲಸವಿಲ್ಲ. ‘ನಾಳೆ’ ಎನ್ನುವುದಕ್ಕೆ ‘ಮಞಾನಾ’ ಎಂದು ಬರೆದುಕೊಳ್ಳಿ. ವರ್ಣಮಾಲೆಯಲ್ಲಿ ಕಲಿತು ಬದಿಗಿಟ್ಟ ಞ ಅಕ್ಷರ ಇಲ್ಲಿ ದಿನವೂ ಬೇಕು. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳುವ ಒಂದು ಧ್ವನಿ ಸ್ಪೇನಿನಲ್ಲಿದೆ, ಅದು ಬಾರದಿದ್ದರೆ ಸ ಎಂದೇ ಹೇಳಿ. ಲ್ಯಾಟಿನ್ ಅಮೆರಿಕದವರೆಲ್ಲ ಹಾಗೆಯೇ ಹೇಳುತ್ತಾರೆ, ಎಲ್ಲರಿಗೂ ತಿಳಿಯುತ್ತದೆ.

ವಾಕ್ಯದ ಜಾಡೂ ನಮ್ಮದೇ. ‘ಒಂದು ಕಾಫಿ ಕೊಡಿ’ ಎನ್ನುವುದು ಕನ್ನಡದಲ್ಲಿ ಒರಟಲ್ಲ. ‘ಪೋಂಗಮೆ ಉನ್ ಕಫೆ ಕೋನ್ ಲೇಚೆ’ ಎಂಬುದೂ ಅಷ್ಟೇ, ಹಾಲು ಹಾಕಿದ ಒಂದು ಕಾಫಿ ಕೊಡಿ. ಇಂಗ್ಲಿಷಿನವರು ‘ನಾನು ಪಡೆಯಬಹುದೇ’ ಎಂದು ಸುತ್ತಿ ಬರುವುದನ್ನು ಇಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ‘ನೀನು’, ‘ನೀವು’ ಎಂಬ ಭೇದ ‘ತೂ’, ‘ಉಸ್ತೆದ್’ ಎಂದು ಇಲ್ಲಿಯೂ ಇದೆ. ಯಾತ್ರಿಕರು ತಮ್ಮತಮ್ಮಲ್ಲಿ ತೂ ಅಂದುಕೊಳ್ಳುತ್ತಾರೆ, ಹಳ್ಳಿಯ ಹಿರಿಯರಿಗೆ ಉಸ್ತೆದ್ ಹಚ್ಚಿ ಮಾತಾಡಿದರೆ ಚೆಂದ. ನೋವಿನ ಮಾತಂತೂ ಅಚ್ಚರಿ ಹುಟ್ಟಿಸುವಷ್ಟು ಹತ್ತಿರ. ‘ನನಗೆ ಮೊಣಕಾಲು ನೋಯ್ತದೆ’ ಎಂಬುದಕ್ಕೆ ‘ಮೆ ದ್ವೇಲೆ ಲಾ ರೊದೀಯಾ’: ‘ಮೆ’ ಎಂದರೆ ನನಗೆ, ‘ದ್ವೇಲೆ’ ನೋಯುತ್ತದೆ, ‘ರೊದೀಯಾ’ ಮೊಣಕಾಲು. ಕೊನೆಯ ‘ಲಾ ರೊದೀಯಾ’ ತೆಗೆದು ಬೆನ್ನಿಗೆ ‘ಲಾ ಎಸ್ಪಾಲ್ದಾ’, ಪಾದಕ್ಕೆ ‘ಎಲ್ ಪಿಯೆ’ ಹಾಕಿಕೊಂಡರೆ ಔಷಧಿ ಅಂಗಡಿಯ ಕೆಲಸ ಮುಗಿಯಿತು. ಪಾದದಲ್ಲಿ ಬೊಬ್ಬೆ ಎದ್ದಿದ್ದರೆ ‘ತೇಂಗೊ ಅಂಪೋಯಾಸ್’. ಯಾತ್ರಿಕರಿಗೆ ಮೊದಲ ವಾರದಲ್ಲಿ ಇದರಷ್ಟು ಬೇಕಾಗುವ ಮಾತು ಇನ್ನೊಂದಿಲ್ಲ. ತುರ್ತಿಗೆ 112.

ಪ್ರಶ್ನೆ ಕೇಳುವ ವಿಷಯಕ್ಕೆ ಬಂದರೆ, ಉತ್ತರ ಅರ್ಥವಾಗುವಂಥ ಪ್ರಶ್ನೆಯನ್ನೇ ಕಲಿಯಬೇಕು ಎಂಬುದು ನನ್ನ ಹಟ. ಅಲ್ಬೆರ್ಗೆ ಎಂದರೆ ಯಾತ್ರಿಕರು ರಾತ್ರಿ ತಂಗುವ ಛತ್ರ. ‘ಅಲ್ಬೆರ್ಗೆ ಎಲ್ಲಿದೆ?’ ಎಂದು ಸ್ಪ್ಯಾನಿಷಿನಲ್ಲಿ ಕೇಳಿದರೆ ಎದುರಿನ ಅಜ್ಜಿ ಚರ್ಚು, ಸೇತುವೆ, ತಮ್ಮ ಅಣ್ಣನ ಮನೆ ಎಲ್ಲವನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ವಿವರಿಸುತ್ತಾರೆ. ಅದರ ಬದಲು ‘ವೊಯ್ ಬಿಯೆನ್ ಪಾರಾ ಎಲ್ ಅಲ್ಬೆರ್ಗೆ?’, ಅಂದರೆ ಅಲ್ಬೆರ್ಗೆಗೆ ಸರಿಯಾದ ದಾರಿಯಲ್ಲೇ ಹೋಗುತ್ತಿದ್ದೇನೆಯೇ, ಎಂದು ಕೇಳಿ. ‘ಸೀ, ಸೀ, ತೋದೊ ರೆಕ್ತೊ’ (ಹೌದು, ನೇರ ಹೋಗಿ) ಎಂದೋ ‘ನೋ’ ಎಂದೋ ಉತ್ತರ ಬರುತ್ತದೆ, ಜೊತೆಗೆ ಕೈ ದಿಕ್ಕು ತೋರಿಸುತ್ತದೆ. ದಾರಿ ತಪ್ಪುವುದು ಹೇಗೂ ಕಡಿಮೆ. ಓ ಸೆಬ್ರೇಯ್ರೊ ಊರಿನ ಪಾದ್ರಿ ಎಲಿಯಾಸ್ ವಾಲಿಞಾ 1980ರ ದಶಕದಲ್ಲಿ ಹಳದಿ ಬಣ್ಣ ಹಿಡಿದು ಬರೆಯಲು ಶುರುಮಾಡಿದ ಬಾಣಗಳು ಈಗ ಮರ, ಕಲ್ಲು, ಗೋಡೆ ಎಲ್ಲೆಲ್ಲೂ ಇವೆ. ಅವುಗಳಿಗೆ ‘ಫ್ಲೇಚಾ’ ಎನ್ನುತ್ತಾರೆ. ರಾತ್ರಿ ಉಳಿಯಲು ‘ಆಯ್ ಕಾಮಾಸ್?’ (ಹಾಸಿಗೆ ಇದೆಯೇ), ಇಲ್ಲದಿದ್ದರೆ ‘ಕೊಂಪ್ಲೇತೊ’ ಎಂಬ ಒಂದೇ ಪದದಲ್ಲಿ ಉತ್ತರ. ಕಾರಂಜಿ, ನಲ್ಲಿಗಳ ಮುಂದೆ ‘ಸೆ ಪ್ವೇದೆ ಬೆಬೆರ್?’ (ಕುಡಿಯಬಹುದೇ) ಎಂದು ಕೇಳಿ, ‘ನೋ ಪೊತಾಬ್ಲೆ’ ಎಂದು ಫಲಕವಿದ್ದರೆ ಮುಟ್ಟಬೇಡಿ. ಯಾತ್ರಿಕರ ಕಾರ್ಡಿಗೆ ಮುದ್ರೆ ಬೇಕಾದಾಗ ‘ಮೆ ಪ್ವೇದೆ ಸೆಯಾರ್ ಲಾ ಕ್ರೆದೆನ್ಸಿಯಾಲ್?’ ಚರ್ಚು, ಬಾರ್, ಅಲ್ಬೆರ್ಗೆ ಎಲ್ಲಿ ಕೇಳಿದರೂ ಒತ್ತಿ ಕೊಡುತ್ತಾರೆ.

ಸೈಕಲ್ಲಿನವರ ಮಾತು ಬೇರೆ. ಯಾತ್ರೆ ಮುಗಿಸಿದವರಿಗೆ ಸಿಗುವ ಕೊಂಪೊಸ್ತೇಲಾ ಪ್ರಮಾಣಪತ್ರಕ್ಕೆ ನಡೆಯುವವರಿಗೆ ಕನಿಷ್ಠ 100 ಕಿ.ಮೀ. ಸಾಕು, ಸೈಕಲ್ಲಿನವರಿಗೆ 200 ಬೇಕು. ಸಾರ್ವಜನಿಕ ಅಲ್ಬೆರ್ಗೆಗಳಲ್ಲಿ ಸಾಮಾನ್ಯವಾಗಿ ನಡೆದು ಬಂದವರಿಗೆ ಮೊದಲು ಹಾಸಿಗೆ, ಸೈಕಲ್ಲಿನವರು ಕಾಯಬೇಕು. ಅದು ನ್ಯಾಯವೇ, ಮುಂದಿನ ಊರಿಗೆ ತುಳಿದು ಹೋಗುವುದು ಅವರಿಗೆ ಸಾಧ್ಯ. ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಎಡಬಲದ ವಿಷಯ. ಸ್ಪೇನಿನಲ್ಲಿ ವಾಹನಗಳು ಬಲಕ್ಕೆ ಓಡುತ್ತವೆ, ಹಿಂದಿನಿಂದ ಬಂದವರು ಎಡದಿಂದ ದಾಟುತ್ತಾರೆ. ಹಿಂದೆ ಗಂಟೆ ಕೇಳಿಸಿದೊಡನೆ ನಮ್ಮ ಮೈ ತಾನಾಗಿ ಎಡಕ್ಕೆ ಸರಿಯುತ್ತದೆ, ಸರಿಯಾಗಿ ಸೈಕಲ್ ಬರುವ ಕಡೆಗೇ! ‘ಪೊರ್ ಲಾ ಇಸ್ಕಿಯೆರ್ದಾ!’ (ಎಡದಿಂದ ಬರ್ತಿದ್ದೀನಿ) ಎಂಬ ಕೂಗು ಕಿವಿಗೆ ಬಿದ್ದರೆ ಬಲಕ್ಕೆ ಸರಿದು ನಿಲ್ಲಿ. ಇದನ್ನು ಹೊರಡುವ ಮೊದಲು ಮನೆಯಲ್ಲೇ ಬಾಯಿಪಾಠ ಮಾಡಬೇಕು, ನಡೆಯುವವರೂ, ತುಳಿಯುವವರೂ. ಇಳಿಜಾರಿನಲ್ಲಿ ಗಂಟೆಯನ್ನಷ್ಟೇ ನಂಬಿ ಧಾವಿಸುವ ಸೈಕಲ್ಲಿನವರ ಮೇಲೆ ನನಗೆ ಸಿಟ್ಟಿದೆ. ಬಾಯಿ ತೆರೆದು ಕೂಗಿ, ವೇಗ ತಗ್ಗಿಸಿ, ದಾಟುವಾಗ ‘ಗ್ರಾಸಿಯಾಸ್ (ಧನ್ಯವಾದ), ಬ್ವೆನ್ ಕಮೀನೊ’ ಅನ್ನಿ. ಪಂಕ್ಚರ್ ಆದರೆ ‘ಎ ಪಿಂಚಾದೊ’, ಟ್ಯೂಬಿಗೆ ‘ಕಾಮಾರಾ’, ರಿಪೇರಿ ಅಂಗಡಿಗೆ ‘ತಾಯೆರ್ ದೆ ಬೀಸಿಸ್’. ಬೂರ್ಗೋಸ್ ದಾಟಿದ ಮೇಲಿನ ಮೆಸೇತಾ ಬಯಲಿನಲ್ಲಿ ಊರುಗಳು ದೂರದೂರ. ಟ್ಯೂಬ್ ಜೊತೆಗೇ ಇರಲಿ.

ಊಟದ ಬಗ್ಗೆ ಚಿಕ್ಕದಾಗಿ: ‘ನೋ ಕೋಮೊ ಕಾರ್ನೆ ನಿ ಪೆಸ್ಕಾದೊ’ (ಮಾಂಸ ಮೀನು ತಿನ್ನುವುದಿಲ್ಲ) ಎಂದರೂ ಸಲಾಡ್‌ನಲ್ಲಿ ಟ್ಯೂನಾ, ಬೇಳೆಯಲ್ಲಿ ಹಂದಿಯ ತುಂಡು ಬರಬಹುದು. ‘ಸಿನ್ ಹಮೋನ್, ಸಿನ್ ಅತೂನ್’ (ಹಂದಿಮಾಂಸ ಬೇಡ, ಟ್ಯೂನಾ ಬೇಡ) ಎಂದು ಬಿಡಿಸಿ ಹೇಳಿ.

ದಾಸೋಹ ಕಂಡು ಬೆಳೆದವರು ‘ದೊನಾತೀವೊ’ ಎಂಬ ಫಲಕ ನೋಡಿದ ಕೂಡಲೇ ಉಚಿತ ಎಂದು ತಿಳಿಯುವುದುಂಟು. ಉಚಿತವಲ್ಲ, ಬೆಲೆ ಗೊತ್ತು ಮಾಡಿಲ್ಲ ಅಷ್ಟೇ. ಗ್ರಾಞೋನ್ ಊರಿನ ಚರ್ಚಿನ ಅಲ್ಬೆರ್ಗೆಯಲ್ಲಿರುವ ಪೆಟ್ಟಿಗೆ ಹೆಸರಾಂತದ್ದು: ಕೈಲಾದಷ್ಟು ಹಾಕಿ, ಬೇಕಾದವರು ತೆಗೆದುಕೊಳ್ಳಿ ಎಂಬ ರೀತಿ. ಇಂದು ನೀವು ಹಾಕಿದ್ದರಿಂದ ನಾಳೆ ಬರುವವರ ಊಟ ನಡೆಯುತ್ತದೆ. ನಮ್ಮ ಕಡೆ ಆ ಭಾರವನ್ನು ಊರವರು ಹೊರುತ್ತಾರೆ, ಇಲ್ಲಿ ಯಾತ್ರಿಕರೇ ಹೊರಬೇಕು. ಶ್ರೀಶೈಲದ ದಾರಿಯ ರೀತಿಯೇ ನನ್ನ ಮನಸ್ಸಿಗೆ ಹತ್ತಿರ, ಆದರೆ ಇಲ್ಲಿಯ ರೀತಿಯಲ್ಲಿ ಪಡೆದವನಿಗೂ ಕೊಡುವ ಪಾಲು ಇದೆ. ಅದನ್ನು ಗೌರವದಿಂದ ಸಲ್ಲಿಸಬೇಕು.

ಕೊನೆಯದಾಗಿ, ದಾರಿಯುದ್ದಕ್ಕೂ ಇರುವುದು ಒಂದೇ ನುಡಿಯಲ್ಲ ಎಂಬುದನ್ನು ಪಟ್ಟಿಗಳು ಮರೆತೇಬಿಡುತ್ತವೆ. ನವಾರ್ರಾದ ಬೆಟ್ಟದ ಊರುಗಳಲ್ಲಿ ಬಾಸ್ಕ್ ಇದೆ, ಅಲ್ಲಿ ‘ಎಸ್ಕೆರಿಕ್ ಆಸ್ಕೊ’ ಎಂದರೆ ಧನ್ಯವಾದ. ಓ ಸೆಬ್ರೇಯ್ರೊದಿಂದ ಮುಂದೆ ಗಲೀಸಿಯಾ, ಅಲ್ಲಿಯ ನುಡಿ ಗಲೇಗೊ. ಹೊರಗಿನಿಂದ ಬಂದವರು ಬೆಂಗಳೂರಿನಲ್ಲಿ ಒಂದೆರಡು ಕನ್ನಡದ ಮಾತಾಡಲಿ ಎಂದು ಬಯಸುವ ನಾವು ಈ ವಿಷಯದಲ್ಲಿ ಉದಾಸೀನರಾಗಲು ಆಗದು. ಅದರಲ್ಲೂ ರಜೆ ಸಾಲದೆ ಸಾರ್ರಿಯಾದಿಂದ ಹೊರಡುವವರು ನಡೆಯುವ ಸುಮಾರು 115 ಕಿ.ಮೀ. ದಾರಿ ಪೂರ್ತಿ ಗಲೀಸಿಯಾದಲ್ಲೇ ಇದೆ. ಅಂಥವರಿಗೆ ನಾನು ಕಳಿಸುವ ಪಟ್ಟಿಯಲ್ಲಿ ‘ಬೋಸ್ ದೀಯಾಸ್’, ‘ಗ್ರಾಸಾಸ್’, ‘ಬೋ ಕಮಿಞೊ’ ಮೊದಲು ಬರುತ್ತವೆ, ಸ್ಪ್ಯಾನಿಷ್ ಅವುಗಳ ಕೆಳಗೆ.