ನೋಡುವವರು ಇದ್ದಾರಾ?

ದಿನಾ ಬೆಳಿಗ್ಗೆ ಸರ್ವರ್‌ನಿಂದ ಡಿಸ್ಕ್ ರಿಪೋರ್ಟಿನ ಮೇಲ್ ಬರುತ್ತದೆ. ಆ ಸ್ಕ್ರಿಪ್ಟ್ ಬರೆದವರು ಯಾರೋ ಪುಣ್ಯಾತ್ಮರು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಕೊಟ್ಟ ಚೊಕ್ಕ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಗೆರೆಯಾಗಿ ಬಂದು ಬಿದ್ದಿರುತ್ತವೆ. ಯಾವ ಶೇಕಡಾ ಯಾವ ಡಿಸ್ಕಿನದು ಅಂತ ಬೆರಳಿಟ್ಟು ಹುಡುಕಬೇಕು. ಸ್ಕ್ರಿಪ್ಟ್ ತೆಗೆದು ನೋಡಿದರೆ ಬರೆದು ತೋರಿಸುವ ಎಕೋ ಕಮಾಂಡ್ ಪಕ್ಕ, ಆ ಸಾಲುಗಳನ್ನು ತುಂಬಿಟ್ಟ ವೇರಿಯೇಬಲ್ ಬರಿಮೈಯಲ್ಲಿ ನಿಂತಿದೆ. ಆಚೆಗೊಂದು ಈಚೆಗೊಂದು ಡಬಲ್ ಕೋಟ್ ಹಾಕಿದ್ದರೆ ಮುಗೀತಿತ್ತು. ಹಾಕಿಲ್ಲ. ಸಿಕ್ಕಿದ್ದೇ ಚಾನ್ಸು ಅಂತ, ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್, ಸಾಲು ಮುರಿಯುವ ಜಾಗಗಳನ್ನೆಲ್ಲ ಸ್ಪೇಸ್ ಮಾಡಿ ಕೈತೊಳೆದುಕೊಂಡಿದೆ.

ಸಾಲು ಜೋಡಿಸುವ ವಿಷಯದಲ್ಲಿ, ಫೋಲ್ಡರಿನ ಫೈಲ್‌ಗಳ ಹೆಸರು ತೋರಿಸುವ ಎಲ್‌ಎಸ್ ಕಮಾಂಡ್ ಮಹಾ ಚಾಲಾಕಿ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ಕೊಟ್ಟರೆ ಹೆಸರುಗಳನ್ನು ಅಚ್ಚುಕಟ್ಟಾಗಿ ಕಾಲಂ ಮಾಡಿ ತೋರಿಸುತ್ತದೆ. ಅದನ್ನೇ ಪೈಪ್ ಹಾಕಿ, ಬಂದದ್ದನ್ನು ಹಾಗೇ ಮುಂದೆ ಕೊಡುವ ಕ್ಯಾಟ್ ಕಮಾಂಡ್‌ಗೆ ದಾಟಿಸಿ, ಸಾಲಿಗೊಂದೇ ಹೆಸರು. ಕ್ಯಾಟ್ ಏನೂ ಮಾಡಿಲ್ಲ, ಪಾಪ. ಎದುರಿಗಿರುವುದು ಟರ್ಮಿನಲ್ಲೋ ಅಲ್ಲವೋ ಅಂತ ಎಲ್‌ಎಸ್ ಮೊದಲೇ ಇಣುಕಿ ನೋಡಿರುತ್ತದೆ. ಹಾಗೆ ಇಣುಕಲಿಕ್ಕೆಂದೇ ಸಿ ಭಾಷೆಯ ಲೈಬ್ರರಿಯಲ್ಲಿ ಇಸ್‌ಎಟಿಟಿವೈ ಅನ್ನುವ ಫಂಕ್ಷನ್ ಇದೆ. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಕೈಕಟ್ಟಿ ಕೂರುವ ಹುಡುಗರ ಥರ.

ಮೊದಲಿನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಎಲ್‌ಎಸ್‌ಗೆ ಈ ಬುದ್ಧಿ ಇರಲಿಲ್ಲ. ಯಾರು ಕೇಳಿದರೂ ಸಾಲಿಗೊಂದು ಹೆಸರು, ಅಷ್ಟೆ. ಕಾಲಂ ಕಲಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು. 1984ರಲ್ಲಿ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ ಮತ್ತು ಬ್ರಯಾನ್ ಕರ್ನಿಘನ್ ಒಂದು ಲೇಖನದಲ್ಲಿ ಇದಕ್ಕೆ ತಕರಾರು ತೆಗೆದರು. ಕಾಲಂ ಮಾಡಲು ಬೇರೆಯೇ ಒಂದು ಪ್ರೋಗ್ರಾಂ ಇರಲಿ, ಉಳಿದ ಕಮಾಂಡ್‌ಗಳಿಗೂ ಉಪಯೋಗಕ್ಕೆ ಬರುತ್ತದೆ, ಎಲ್‌ಎಸ್‌ಗೆ ಯಾಕೆ ಈ ಉಸಾಬರಿ ಅನ್ನುವುದು ಅವರ ವಾದ. ನ್ಯಾಯವೇ. ಆಮೇಲೆ ಕಾಲಂ ಅನ್ನುವ ಹೆಸರಿನದೇ ಒಂದು ಕಮಾಂಡ್ ಚಾಲ್ತಿಗೆ ಬಂತು, ಟಿ ಆಪ್ಷನ್ ಕೊಟ್ಟರೆ ಎಂಥ ವಕ್ರ ಔಟ್‌ಪುಟ್ಟನ್ನೂ ನೆಟ್ಟಗೆ ನಿಲ್ಲಿಸುತ್ತದೆ. ಎಲ್‌ಎಸ್ ಮಾತ್ರ ತನ್ನ ಚಾಳಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಬಿಟ್ಟಿದ್ದರೆ ಮೊದಲು ಗೊಣಗುತ್ತಿದ್ದವನು ನಾನೇ.

ಅದಾದರೂ ಇಣುಕಿ ನೋಡುತ್ತದೆ. ಈಗಿನ ಕೆಲವು ಟೂಲ್‌ಗಳಿಗೆ ಅಷ್ಟು ಸೌಜನ್ಯವೂ ಇಲ್ಲ. ಔಟ್‌ಪುಟ್ಟನ್ನು ಲಾಗ್ ಫೈಲಿಗೆ ತಿರುಗಿಸಿದರೂ ಬಣ್ಣ ಬಳಿಯುವುದು ನಿಲ್ಲಿಸಲ್ಲ. ಫೈಲ್ ತೆಗೆದರೆ ಎರರ್ ಬಂದ ಸಾಲಿನ ತಲೆಯಲ್ಲಿ ಒಂದು ಎಸ್ಕೇಪ್, ಒಂದು ಚೌಕ ಕಂಸ, 31, ಒಂದು ಎಂ. ಟರ್ಮಿನಲ್‌ಗೆ ಇದರ ಅರ್ಥ ಕೆಂಪು ಬಣ್ಣವಂತೆ! ಎರರ್‌ನಿಂದ ಶುರುವಾಗುವ ಸಾಲು ಕೊಡು ಅಂತ, ಸಾಲು ಹುಡುಕಿಕೊಡುವ ಗ್ರೆಪ್ ಕಮಾಂಡ್‌ಗೆ ಹೇಳಿದರೆ ಅದು ಸುಮ್ನೆ ಕೈ ಆಡಿಸುತ್ತದೆ. ಅದರ ತಪ್ಪೇನು? ಸಾಲು ಶುರುವಾಗುವುದು ಬಣ್ಣದಿಂದ. ಅದನ್ನು ತೊಳೆಯಲು, ಸಾಲು ತಿದ್ದುವ ಸೆಡ್ ಕಮಾಂಡ್‌ನಲ್ಲಿ ಇನ್ನೊಂದು ಸಾಲು ಬರೆಯಬೇಕು. ಲಾಗ್ ಫೈಲಿಗೆ ಯಾಕ್ರೀ ಬೇಕು ಮೇಕಪ್ಪು?