ಸೌತಾಂಪ್ಟನ್‌ನೋರು ಹುಡುಗನ್ನ ಮಾರಿದ್ದಕ್ಕೆ ನಮ್ಮ ಮನೇಲಿ ಜಗಳ

ಗೌರಿ ಹಬ್ಬಕ್ಕೆ ಬೆಂಗಳೂರಿಂದ ಬಂದ ನಮ್ಮಕ್ಕನ ಮಗ ಹೆಗಲ ಮೇಲಿನ ಬ್ಯಾಗ್ ಇಳಿಸೋ ಮೊದಲೇ ಫೋನ್ ನನ್ನ ಮುಖಕ್ಕೆ ಹಿಡಿದ. ‘ನೋಡು ಮಾವ, ಡಿಬ್ಲಿಂಗ್‌ನೂ ಮಾರ್ಕೊಂಡ್ರು. ಕ್ಲಬ್ಬಾ ಅದು? ಮಂಡಿ!’

ಡಿಬ್ಲಿಂಗ್ ಅಂದರೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಹುಡುಗ, ಅವನನ್ನ ಇನ್ನೊಂದು ಕ್ಲಬ್ಬಿಗೆ ಮಾರಿದ್ದರು. ಮಂಡಿ ಅಂದಿದ್ದಕ್ಕೆ ನನಗೆ ಚುರುಕ್ ಅಂತು. ನಮ್ಮ ಮನೆ ಅನ್ನ ಮಂಡಿಯದ್ದೇ. ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗೋ ರಸ್ತೆಯಲ್ಲಿ ನನ್ನದೊಂದು ಟೊಮೆಟೊ ನರ್ಸರಿ. ನಾನು ಸಸಿ ಬೆಳೆಸಿ ಮಾರೋನು, ತಗೊಂಡೋರು ಹಣ್ಣು ಬೆಳೆದು ಎಪಿಎಂಸಿಗೆ ಹಾಕೋರು. ಅವನೋ ಒಂದು ವರ್ಷ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಓದಿ ಬಂದೋನು. ಎಂ.ಎಸ್ಸಿ ಜೊತೆಗೆ ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಹುಚ್ಚನ್ನೂ ತಂದ, ನನಗೂ ಅಂಟಿಸಿದ. ಅಷ್ಟೊಂದು ಕ್ಲಬ್ ಇರುವಾಗ ಗೆಲ್ಲೋದೊಂದನ್ನ ಆರಿಸ್ಕೋಬಾರದಿತ್ತಾ ಅಂತ ಎಷ್ಟೋ ಸಲ ಬೈದಿದ್ದೀನಿ.

2024-25ರ ಸೀಸನ್‌ನಲ್ಲಿ ಅವರು 38 ಪಂದ್ಯ ಆಡಿ ಗೆದ್ದಿದ್ದು 2. ಪಾಯಿಂಟ್ 12. ಇನ್ನೂ 7 ಪಂದ್ಯ ಬಾಕಿ ಇರುವಾಗಲೇ, ಏಪ್ರಿಲ್ ಮೊದಲ ವಾರದಲ್ಲೇ, ಅಲ್ಲಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ಚಾಂಪಿಯನ್‌ಶಿಪ್‌ಗೆ ಇಳಿಯೋದು ಖಾತ್ರಿ ಆಗೋಯ್ತು. ಆ ಹಾಳು ಸೀಸನ್‌ನಲ್ಲಿ ಕಣ್ಣಿಟ್ಟು ನೋಡೋ ಹಾಗಿದ್ದೋನು ಟೈಲರ್ ಡಿಬ್ಲಿಂಗ್. ಚಿಕ್ಕಂದಿನಿಂದ ಅಲ್ಲೇ ಬೆಳೆದ ಹುಡುಗ. 2022ರಲ್ಲಿ ಚೆಲ್ಸಿ ಕ್ಲಬ್ಬಿಗೆ ಹೋದೋನು ಕೆಲವೇ ವಾರಕ್ಕೆ ವಾಪಸ್ ಬಂದಿದ್ದ. 2025ರಲ್ಲಿ ಅವನಿಗೆ 100 ಮಿಲಿಯನ್ ಪೌಂಡ್ ಕೇಳ್ತಿದ್ದಾರೆ ಅಂತ ಪೇಪರ್‌ನಲ್ಲಿ ಬಂತು. ಆಗಸ್ಟ್‌ನಲ್ಲಿ ಎವರ್ಟನ್‌ಗೆ ಕೊಟ್ಟಿದ್ದು 35ಕ್ಕೆ, ಮುಂದೆ ಹೀಗೆ ಹೀಗೆ ಆಡಿದರೆ ಇಷ್ಟು ಅನ್ನೋ ಷರತ್ತಿನ ದುಡ್ಡೆಲ್ಲ ಸೇರಿದರೆ 40. ಇದನ್ನ ನಮ್ಮ ಕಡೆಯೋರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿದಾಗ, ಇನ್ನೂ ಏರುತ್ತೆ ಅಂತ ಹಣ್ಣು ಗಿಡದಲ್ಲೇ ಬಿಟ್ಕೊಂಡೋರ ಕಥೆ ಊರಿಗೊಂದಿದೆ.

ಆದರೆ ಮಾರಿದ್ದಕ್ಕೇ ಬೈಯೋನು ನಾನಲ್ಲ. ಇಳಿದ ಕ್ಲಬ್ಬಿಗೆ ಮಾರದೆ ವಿಧಿಯಿಲ್ಲ, ಟಿವಿ ದುಡ್ಡು ಅರ್ಧಕ್ಕರ್ಧ ಹೋಗುತ್ತೆ. ‘ಪ್ಯಾರಾಚೂಟ್ ದುಡ್ಡು ಬರುತ್ತಲ್ಲ ಮಾವ’ ಅಂತಾನೆ ಇವನು. ಇಳಿದ ಕ್ಲಬ್‌ಗಳಿಗೆ ಕೆಲವು ವರ್ಷ ಆಸರೆಗೆ ಅಂತ ಕೊಡೋ ದುಡ್ಡು ಅದು. ಬರುತ್ತೆ, ಎಷ್ಟು? ಮೇಲಿನ ಕ್ಲಬ್‌ಗಳಿಗೆ ಸಮವಾಗಿ ಹಂಚೋ ಟಿವಿ ಪಾಲಿನಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20. ಒಂದೇ ವರ್ಷ ಮೇಲಿದ್ದು ಇಳಿದೋರಿಗೆ ಆ ಮೂರನೇದೂ ಇಲ್ಲ. 2025ರಲ್ಲಿ ಇಳಿದ ಸೌತಾಂಪ್ಟನ್ ಅದೇ ಸಾಲಿನಲ್ಲಿ ನಿಂತಿತ್ತು. ಇದರ ಬಹುಪಾಲನ್ನ ಮೇಲಿದ್ದಾಗ ಒಪ್ಪಿಕೊಂಡ ದೊಡ್ಡ ಸಂಬಳಗಳೇ ನುಂಗುತ್ವೆ ಅನ್ನೋದು ನನ್ನ ಅನಿಸಿಕೆ.

ನನ್ನ ತಕರಾರು ಬೇರೆ. ಯಾವಾಗ ಮಾರ್ತೀರಿ, ಅದಕ್ಕೂ ಮೊದಲು ಎಷ್ಟು ಆಡಿಸ್ತೀರಿ ಅನ್ನೋದು.

ನಮ್ಮ ನರ್ಸರಿಯಲ್ಲಿ ಬೀಜ ಹಾಕಿದ 25 ದಿನಕ್ಕೆ ಆಚೀಚೆ ನಾರು ನಾಟಿಗೆ ಬರುತ್ತೆ. (ಸಸಿ ಅಂದರೂ ನಾರು ಅಂದರೂ ನಮ್ಮ ಕಡೆ ಒಂದೇ.) ದುಡ್ಡಿನ ಅವಸರಕ್ಕೆ ಹದಿನೈದನೇ ದಿನಕ್ಕೇ ಟ್ರೇಯಿಂದ ಎಳೆದರೆ ಬೇರು ತೆಂಗಿನ ನಾರಿನ ಪುಡಿಯನ್ನ ಹಿಡ್ಕೊಂಡೇ ಇರಲ್ಲ, ಪುಡಿ ಉದುರಿ ಬರೀ ಬಿಳಿ ದಾರ ಕೈಗೆ ಬರುತ್ತೆ. ಹೋಗಲಿ ಅಂತ ನಲವತ್ತು ದಿನ ಇಟ್ಕೊಂಡರೆ ಬೇರು ಗುಳಿಯೊಳಗೇ ಸುತ್ತಿ ಸುತ್ತಿ ಗಂಟಾಗಿರುತ್ತೆ, ಹೊಲಕ್ಕೆ ಹಾಕಿದರೂ ಎದ್ದೇಳಲ್ಲ. ಇನ್ನೊಂದು ಕೆಲಸ ಇದೆ. ಕೊಡೋದಕ್ಕೆ ಒಂದು ವಾರ ಮುಂಚೆ ನೀರು ಕಮ್ಮಿ ಮಾಡಿ, ನೆರಳು ಪರದೆ ಸರಿಸಿ, ಬಿಸಿಲಿಗೆ ಬಿಡಬೇಕು. ಎಲೆ ಸ್ವಲ್ಪ ಬಾಡಿದಂಗೆ ಕಾಣುತ್ತೆ, ಕೊಳ್ಳೋಕೆ ಬಂದೋರು ಮೂತಿ ತಿರುಗಿಸ್ತಾರೆ. ಆದರೆ ಹೊಲದಲ್ಲಿ ಬದುಕೋದು ಅದೇ.

ಕೆಳಗಿನ ಲೀಗ್ ಅಂದರೆ ನನಗೆ ಆ ಬಿಸಿಲಿನ ವಾರ. ಇದಕ್ಕೆ ಸೌತಾಂಪ್ಟನ್ ಕಥೆಯೇ ಸಾಕು. 27 ವರ್ಷ ಮೇಲಿನ ಲೀಗ್‌ನಲ್ಲಿದ್ದ ಕ್ಲಬ್ 2005ರಲ್ಲಿ ಇಳಿಯಿತು. ಅದೇ ಆಗಸ್ಟ್‌ನಲ್ಲಿ ಥಿಯೋ ವಾಲ್ಕಾಟ್‌ನ ಆಡಿಸಿದರು, ಮುಂದಿನ ಏಪ್ರಿಲ್‌ನಲ್ಲಿ ಗ್ಯಾರೆತ್ ಬೇಲ್‌ನ. ಇಬ್ಬರಿಗೂ ಆಗ 16 ವರ್ಷ. ಕ್ಲಬ್ ಮೇಲೇ ಇದ್ದಿದ್ದರೆ ಅಷ್ಟು ಬೇಗ ಬಿಡ್ತಿದ್ದರಾ? ನನಗೆ ನಂಬಿಕೆಯಿಲ್ಲ. ಆದರೆ ವಾಲ್ಕಾಟ್ ಐದೇ ತಿಂಗಳಿಗೆ, 2006ರ ಜನವರಿಯಲ್ಲಿ, ಆರ್ಸೆನಲ್‌ಗೆ ಹೋದ. ಬೇಲ್ 2007ರಲ್ಲಿ ಟಾಟನ್‌ಹ್ಯಾಮ್‌ಗೆ ಹೋದ. ಮೊದಲು 5 ಮಿಲಿಯನ್ ಪೌಂಡ್, ಆಡ್ತಾ ಆಡ್ತಾ 10ರವರೆಗೂ ಏರಬೇಕಿತ್ತು. ಕೈಯಲ್ಲಿ ಕಾಸಿಲ್ಲದೆ ಸೌತಾಂಪ್ಟನ್‌ನೋರು ‘ಇಡುಗಂಟಾಗಿ ಈಗಲೇ ಕೊಡಿ’ ಅಂತ ಒಪ್ಪಿಕೊಂಡು ಒಟ್ಟು 7ಕ್ಕೆ ಲೆಕ್ಕ ಮುಗಿಸಿದರು. 2013ರಲ್ಲಿ ಅದೇ ಹುಡುಗ ಸುಮಾರು 100 ಮಿಲಿಯನ್ ಯೂರೋಗೆ ರಿಯಲ್ ಮ್ಯಾಡ್ರಿಡ್ ಸೇರಿದ. ಅಡ್ವಾನ್ಸ್ ಈಸ್ಕೊಂಡು ತೋಟ ಬರೆದುಕೊಟ್ಟ ರೈತನ ಥರ ಇದು. ಅಷ್ಟೆಲ್ಲ ಮಾರಿಯೂ ಕ್ಲಬ್ ಉಳೀಲಿಲ್ಲ. 2009ರಲ್ಲಿ ದಿವಾಳಿ ಅಂಚಿಗೆ ಬಂದು, ಮೂರನೇ ದರ್ಜೆಯ ಲೀಗ್ ಒನ್‌ಗೆ ಬಿದ್ದು, ದಂಡವಾಗಿ 10 ಪಾಯಿಂಟ್ ಮೈನಸ್‌ನಿಂದ ಸೀಸನ್ ಶುರು ಮಾಡಿದರು.

ಅಲ್ಲಿಂದಾಚೆಗಿನ ಐದು ವರ್ಷ ನನಗೆ ಇಷ್ಟ. ಮಾರ್ಕುಸ್ ಲೀಬ್‌ಹೆರ್ ಅನ್ನೋರು ಕ್ಲಬ್ ಕೊಂಡುಕೊಂಡರು. ಆಡಮ್ ಲಲಾನಾ ಅನ್ನೋ ಹುಡುಗನ್ನ ಮಾರದೆ ಆ ಮೂರನೇ ದರ್ಜೆಯ ಕೆಸರಲ್ಲೇ ಆಡಿಸಿದರು. ಕ್ಲಬ್ 2011ರಲ್ಲಿ ಒಂದು ಮೆಟ್ಟಿಲು, 2012ರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿತು, ಅವನೂ ಜೊತೆಗೇ ಹತ್ತಿದ. 2014ರಲ್ಲಿ ಲಿವರ್‌ಪೂಲ್‌ಗೆ ಹೋಗುವಾಗ ಅವನು ಕ್ಯಾಪ್ಟನ್, ಬೆಲೆ ಸುಮಾರು 25 ಮಿಲಿಯನ್ ಪೌಂಡ್. ಅದೇ ಬೇಸಿಗೆಯಲ್ಲಿ ಲ್ಯೂಕ್ ಶಾ, ಕ್ಯಾಲಮ್ ಚೇಂಬರ್ಸ್ ಕೂಡ ಹೋದರು. ಕ್ಲಬ್ ಮುಗೀತು ಅಂದರು ಎಲ್ಲರೂ. ಮುಂದಿನ ಸೀಸನ್‌ನಲ್ಲಿ ಅವರು 7ನೇ ಸ್ಥಾನಕ್ಕೆ ಬಂದರು.

ಲಲಾನಾ ಮಾರಾಟದಲ್ಲಿ ನಾನು ಎಲ್ಲರಿಗೂ ಹೇಳೋ ಒಂದು ಸಂಗತಿ ಇದೆ. ಅವನನ್ನ ಚಿಕ್ಕ ಹುಡುಗ ಆಗಿದ್ದಾಗ ಬೋರ್ನ್‌ಮತ್ ಕ್ಲಬ್‌ನಿಂದ ಕರ್ಕೊಂಡು ಬಂದಿದ್ದರು. ಮುಂದೆ ಮಾರಿದರೆ ನಮಗೆ ಶೇ 25 ಅಂತ ಬೋರ್ನ್‌ಮತ್‌ನೋರು ಆಗಲೇ ಕರಾರು ಬರೆಸ್ಕೊಂಡಿದ್ದರು. ವರ್ಷಗಳಾದ ಮೇಲೆ ದುಡ್ಡು ಬಂತು. ಆ ಕರಾರು ಬರೆಸಿದ ಪುಣ್ಯಾತ್ಮ ಯಾರೋ, ನಮ್ಮ ಮಂಡಿಯಲ್ಲಿ ರೈಟರ್ ಆಗಬೇಕಿತ್ತು.

ಇತ್ತೀಚಿನದು ಬೇಗ ಹೇಳಿ ಮುಗಿಸ್ತೀನಿ. 2023ರಲ್ಲೂ ಇಳಿದಿದ್ದರು. ಮ್ಯಾಂಚೆಸ್ಟರ್ ಸಿಟಿಯಿಂದ ತಂದಿದ್ದ 18ರ ರೊಮಿಯೊ ಲವಿಯಾನ ಒಂದೇ ಸೀಸನ್ ಆಡಿಸಿ, 53 ಮಿಲಿಯನ್‌ಗೆ ಚೆಲ್ಸಿಗೆ ಮಾರಿದರು. ಒಳ್ಳೇ ವ್ಯಾಪಾರ, ಸುಳ್ಳು ಹೇಳಲ್ಲ. ಆದರೆ ಕೊಂಡು ತಂದ ಹುಡುಗನಿಗೂ ಮನೇಲೇ ಬೆಳೆದ ಹುಡುಗನಿಗೂ ಲೆಕ್ಕದ ಪುಸ್ತಕದಲ್ಲಿ ಫರಕು ಇದೆ. 20 ಮಿಲಿಯನ್‌ಗೆ ಕೊಂಡು ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡರೆ ವರ್ಷಕ್ಕೆ 5 ಖರ್ಚು ಬರೀತಾರೆ. ಒಂದು ವರ್ಷ ಬಿಟ್ಟು 30ಕ್ಕೆ ಮಾರಿದರೆ ಲಾಭ 15. ಮನೆ ಹುಡುಗ 30ಕ್ಕೆ ಹೋದರೆ ಮೂವತ್ತಕ್ಕೆ ಮೂವತ್ತೂ ಲಾಭ. ಜಾತ್ರೆಯಿಂದ ತಂದ ಹಸುವಿಗೂ ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿಗೂ ಇರೋ ಲೆಕ್ಕ. ನಷ್ಟಕ್ಕೆ ಮಿತಿ ಹಾಕಿರೋ ನಿಯಮ ಇರೋದರಿಂದ, ಮೊದಲು ಕಣ್ಣು ಬೀಳೋದೇ ಮನೆ ಹುಡುಗರ ಮೇಲೆ. ನಿಯಮ ಮಾಡಿದೋರು ಇದನ್ನ ಯೋಚಿಸಿದ್ದರೋ ಇಲ್ಲವೋ.

‘ಹಂಗಾದ್ರೆ ಡಿಬ್ಲಿಂಗ್‌ನ ಏನ್ ಮಾಡ್ಬೇಕಿತ್ತು ಹೇಳು’ ಅಂದ ಇವನು, ಕಡುಬು ಬಾಯಲ್ಲಿಟ್ಕೊಂಡೇ.

ಒಂದು ವರ್ಷ ಚಾಂಪಿಯನ್‌ಶಿಪ್‌ನಲ್ಲಿ ಆಡಿಸಬೇಕಿತ್ತು ಕಣೋ. 46 ಪಂದ್ಯ, ಚಳಿಗಾಲದ ಮಂಗಳವಾರ ರಾತ್ರಿಗಳು, ಕಾಲಿಗೆ ಒದೆಯೋ ಡಿಫೆಂಡರ್‌ಗಳು. ಮಾರಲೇಬೇಕಿದ್ದರೆ ವಯಸ್ಸಾದೋರನ್ನ ಸಿಕ್ಕಷ್ಟಕ್ಕೆ ಕಳಿಸಿ ಸಂಬಳ ಇಳಿಸಬೇಕಿತ್ತು. ‘ಅವನೇ ಹೋಗ್ತೀನಿ ಅಂದ್ರೆ?’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾರಿಗೆ ಬಾಯಿಲ್ಲ, ಹುಡುಗನಿಗೆ ಏಜೆಂಟ್ ಇರ್ತಾನೆ.

ಊರಲ್ಲಿ ಭಾನುವಾರ ಬೆಳಿಗ್ಗೆ ಸ್ಕೂಲ್ ಮೈದಾನದಲ್ಲಿ ಹುಡುಗರನ್ನ ಆಡಿಸ್ತೀನಿ. ನಾನು ಕಾಲೇಜಲ್ಲಿದ್ದಾಗ ಕೆಜಿಎಫ್ ಹುಡುಗರ ಹತ್ತಿರ ಆಡೋಕೆ ಹೋಗಿ ಐದೈದು ಗೋಲು ತಿಂದು ಬರ್ತಿದ್ದೋನು, ನನ್ನ ಯೋಗ್ಯತೆ ಅಷ್ಟೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನೋರು ಬೆಳಗಾದರೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಅದು ಇನ್ನೊಂದು ಕಥೆ.

ಹೋದ ವರ್ಷ ನಮ್ಮ ಹುಡುಗರಲ್ಲೊಬ್ಬನಿಗೆ ಬೆಂಗಳೂರಿನ ಒಂದು ಅಕಾಡೆಮಿಯಿಂದ ಕರೆ ಬಂತು. 14 ವರ್ಷ, ಎಡಗಾಲು. ಅವರಪ್ಪ ಮಂಡಿಗೆ ಟೆಂಪೊ ಓಡಿಸೋನು. ‘ಕಳಿಸ್ಲಾ ಅಣ್ಣಾ?’ ಅಂತ ನನ್ನನ್ನೇ ಕೇಳಿದ. ‘ಕಳ್ಸಪ್ಪಾ, ಇಂಥಾ ಅವಕಾಶ ಮತ್ತೆ ಬರುತ್ತಾ’ ಅಂದೋನು ನಾನೇ. ಆರು ತಿಂಗಳು ಬೆಂಚಲ್ಲಿ ಕೂರಿಸಿ ವಾಪಸ್ ಕಳಿಸಿದರು. ಮೊದಲೆಲ್ಲ ಚೆಂಡು ಕಾಲಿಗೆ ಸಿಕ್ಕಿದರೆ ಇಬ್ಬರನ್ನ ದಾಟಿ, ತಿರುಗಿ ನೋಡಿ ನಗ್ತಿದ್ದೋನು. ಈಗ ಚೆಂಡು ಬಂದ ತಕ್ಷಣ ಪಕ್ಕದೋನಿಗೆ ತಳ್ಳಿ ನಿಂತ್ಕೋತಾನೆ. ಹದಿನೈದನೇ ದಿನಕ್ಕೆ ಟ್ರೇಯಿಂದ ಎಳೆದೋನು ಯಾರು ಅಂತ ಯೋಚಿಸಿದರೆ ನನಗೇ ನಾಚಿಕೆ.

ಅವನು ಅಲ್ಲೇ ಉಳಿದು ದೊಡ್ಡ ಆಟಗಾರ ಆಗಿದ್ದರೂ ನಮ್ಮ ತಂಡಕ್ಕೆ ಬಿಡಿಗಾಸು ಬರ್ತಿರಲಿಲ್ಲ. ಆಟಗಾರ ದೇಶ ದಾಟಿ ಮಾರಾಟವಾದರೆ, 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಬೆಲೆಯ ಶೇ 5 ಹಂಚಬೇಕು ಅಂತ ಫಿಫಾ ನಿಯಮ ಇದೆ. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. 12ರಿಂದ 15ರವರೆಗೆ ನಾಲ್ಕು ವರ್ಷ ನಮ್ಮಲ್ಲಿ ಆಡಿದೋನು ಕೋಟಿಗೆ ಹೋದರೆ ಲಕ್ಷ ರೂಪಾಯಿ. ಎಷ್ಟು ಚೆಂಡು, ಎಷ್ಟು ಬೂಟು! ಆದರೆ ಕ್ಲಬ್ ನೋಂದಣಿ ಆಗಿರಬೇಕು, ಹುಡುಗನ ಹೆಸರು ಆ ಕ್ಲಬ್ಬಿನಲ್ಲಿ ದಾಖಲಾಗಿರಬೇಕು. ನಮ್ಮ ತಂಡಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ.

ಹಬ್ಬ ಮುಗಿಸಿ ಇವನು ಬೆಂಗಳೂರು ಬಸ್ ಹತ್ತಿದ ಮೇಲೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಹೋದ ಭಾನುವಾರ 22 ಹುಡುಗರ ಹೆಸರು, ಹುಟ್ಟಿದ ತಾರೀಕು ಬರ್ಕೊಂಡೆ. ಮೂರು ಜನಕ್ಕೆ ಆಧಾರ್‌ನಲ್ಲಿ ಒಂದು, ಸ್ಕೂಲ್ ದಾಖಲೆಯಲ್ಲಿ ಇನ್ನೊಂದು ತಾರೀಕು. ಎಡಗಾಲಿನೋನು ಆ ಮೂವರಲ್ಲೊಬ್ಬ. ನಾಳೆ ಬೆಳಿಗ್ಗೆ ಟ್ರೇಗಳಿಗೆ ನೀರು ಬಿಟ್ಟು, ಅವರಪ್ಪನ್ನ ಕರ್ಕೊಂಡು ಹೆಡ್‌ಮಾಸ್ಟರ್ ಹತ್ತಿರ ಹೋಗಬೇಕು.